ಬೈಬಲ್ ನಿಷೇಧದ ಭಯ ಮತ್ತು ಓದುಗನ ಸ್ವಾತಂತ್ರ್ಯ

2024ರ ಮೇ 1ರಂದು ಅಮೆರಿಕದ ಪ್ರತಿನಿಧಿ ಸಭೆ ಯೆಹೂದಿ ದ್ವೇಷ ಎಂದರೇನು ಎಂಬುದಕ್ಕೆ ಒಂದು ವ್ಯಾಖ್ಯೆಯನ್ನು ಒಪ್ಪುವ ಮಸೂದೆಯನ್ನು 320–91 ಮತಗಳಿಂದ ಅಂಗೀಕರಿಸಿತು. ವಿರೋಧಿಸಿದವರಲ್ಲಿ ಜಾರ್ಜಿಯಾದ ಸದಸ್ಯೆ ಮಾರ್ಜೊರಿ ಟೇಲರ್ ಗ್ರೀನ್ ಒಬ್ಬರು. ಯೇಸುವಿನ ಮರಣದ ಬಗ್ಗೆ ಸುವಾರ್ತೆಗಳು ಹೇಳುವುದನ್ನು ನಂಬಿದ ಕ್ರೈಸ್ತರೇ ಈ ಕಾನೂನಿನಿಂದ ತಪ್ಪಿತಸ್ಥರಾಗುತ್ತಾರೆ ಎಂಬುದು ಅವರ ಆಕ್ಷೇಪವಾಗಿತ್ತು. ಕೆಲವೇ ದಿನಗಳಲ್ಲಿ ಅದು ‘ಹೊಸ ಒಡಂಬಡಿಕೆಯನ್ನು ನಿಷೇಧಿಸುತ್ತಾರಂತೆ’ ಎಂಬ ಸುದ್ದಿಯಾಗಿ ಹರಡಿತು. ಅದಕ್ಕೆ ಆರು ವರ್ಷ ಹಿಂದೆ ಕ್ಯಾಲಿಫೋರ್ನಿಯಾದಲ್ಲೂ ಇಂಥದೇ ಸುದ್ದಿ ಎದ್ದಿತ್ತು. ಹಣ ಪಡೆದು ಒಬ್ಬರ ಲೈಂಗಿಕ ಒಲವನ್ನು ಬದಲಿಸಿಕೊಡುತ್ತೇವೆ ಎನ್ನುವುದನ್ನು ಗ್ರಾಹಕ ವಂಚನೆ ಎಂದು ಘೋಷಿಸಲು ಹೊರಟಿದ್ದ 2018ರ ಮಸೂದೆ, ಮುಂದೆ ಬೈಬಲ್ ಮಾರಾಟಕ್ಕೂ ಕುತ್ತು ತರುತ್ತದೆ ಎಂದು ಅನೇಕ ಕ್ರೈಸ್ತ ಸಭೆಗಳು ನಂಬಿದವು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಮಸೂದೆ ತಂದವರೇ ಅದನ್ನು ಹಿಂದಕ್ಕೆ ಪಡೆದರು. ಕೆನಡಾ ತನ್ನ ದ್ವೇಷಭಾಷಣ ಕಾನೂನಿನ ರಕ್ಷಣೆಯನ್ನು 2004ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ ವಿಸ್ತರಿಸಿದಾಗಲೂ ಇದೇ ಮಾತು ಕೇಳಿಬಂತು. 2025ರ ಕೊನೆಯಲ್ಲಿ, ಧಾರ್ಮಿಕ ಅಭಿಪ್ರಾಯಕ್ಕೆ ಅದೇ ಕಾನೂನಿನಲ್ಲಿದ್ದ ರಕ್ಷಣೆಯನ್ನು ಕಿತ್ತುಹಾಕುವ ತಿದ್ದುಪಡಿ ಅಲ್ಲಿನ ಸಂಸದೀಯ ಸಮಿತಿಯ ಮುಂದೆ ಬಂದಾಗ ಮತ್ತೆ ಕೇಳಿಬಂತು.

ಇಷ್ಟು ಸಲ ಕೂಗಿದರೂ ಈ ದೇಶಗಳಲ್ಲಿ ಬೈಬಲ್ ನಿಷೇಧವಾಗಿಲ್ಲ. ಅಮೆರಿಕದ ಆ ಮಸೂದೆ ದಂಡ ಸಂಹಿತೆಗೆ ಸೇರಿದ್ದೇ ಅಲ್ಲ. ಸರ್ಕಾರದ ನೆರವು ಪಡೆಯುವ ಶಾಲೆ-ಕಾಲೇಜುಗಳಲ್ಲಿ ತಾರತಮ್ಯದ ದೂರು ಬಂದಾಗ ಶಿಕ್ಷಣ ಇಲಾಖೆ ಯಾವ ಅಳತೆಗೋಲು ಹಿಡಿಯಬೇಕು ಎಂಬುದಷ್ಟೇ ಅದರ ವಿಷಯ. ಸೆನೆಟ್ ಅದನ್ನು ಅಂಗೀಕರಿಸಲೂ ಇಲ್ಲ. ಹಾಗಾದರೆ ಭಯವೆಲ್ಲ ಸುಳ್ಳೇ? ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಇದೆಲ್ಲ ಮತ ಗಳಿಸುವ ತಂತ್ರ, ಗಮನ ಕೊಡಬೇಕಾಗಿಲ್ಲ ಎಂಬುದು ಒಂದು. ಇವತ್ತಲ್ಲದಿದ್ದರೆ ನಾಳೆ ಪುಸ್ತಕ ಹೋಗಿಯೇ ಹೋಗುತ್ತದೆ ಎಂಬುದು ಇನ್ನೊಂದು. ಎರಡೂ ಉತ್ತರಗಳ ಕಣ್ಣು ಪುಸ್ತಕದ ಮೇಲೇ ಇದೆ. ಇತಿಹಾಸವನ್ನೂ ಈಚಿನ ಮೊಕದ್ದಮೆಗಳನ್ನೂ ಜೊತೆಗಿಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪ್ರಭುತ್ವಗಳು ಪವಿತ್ರ ಗ್ರಂಥವನ್ನು ಅದರ ಹೆಸರು ಹಿಡಿದು ನಿಷೇಧಿಸಿದ್ದು ವಿರಳ. ಅದನ್ನು ಯಾರು ಓದಬಹುದು, ಯಾವ ಅನುವಾದ ಓದಬಹುದು, ಎಲ್ಲಿ ಕೊಳ್ಳಬಹುದು, ಯಾರ ಕೈಗೆ ಕೊಡಬಹುದು ಎಂಬುದನ್ನು ಬಿಗಿ ಮಾಡಿದ್ದೇ ಹೆಚ್ಚು. ಹಾಗಾಗಿ ಕಾನೂನು ಕಾಪಾಡಬೇಕಾದದ್ದು ಓದುವ, ಓದಿ ಹೇಳುವ, ಕೊಡುವ, ಬೇಡವೆನ್ನುವ ಮನುಷ್ಯನನ್ನು. ಗ್ರಂಥದ ಹೆಸರು ಬರೆದು ಅದಕ್ಕೆ ಕೊಟ್ಟ ರಕ್ಷಣೆ ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಒಳಗೆ ದುರ್ಬಲ.

ಇಂಗ್ಲೆಂಡಿನ ಹದಿನಾರನೆಯ ಶತಮಾನದಲ್ಲಿ ಇದು ಎದ್ದು ಕಾಣುತ್ತದೆ. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್‌ಗೆ 1536ರಲ್ಲಿ ಇಂದಿನ ಬೆಲ್ಜಿಯಂನ ವಿಲ್ವೋರ್ಡೆಯಲ್ಲಿ ಮರಣದಂಡನೆಯಾಯಿತು. ಮೂರು ವರ್ಷವೂ ಕಳೆಯುವ ಮೊದಲೇ ಎಂಟನೆಯ ಹೆನ್ರಿಯ ಸರ್ಕಾರ ಪ್ರತಿ ಚರ್ಚಿನಲ್ಲೂ ಇಂಗ್ಲಿಷ್ ಬೈಬಲ್ ಇರಬೇಕೆಂದು ಅಪ್ಪಣೆ ಹೊರಡಿಸಿತು. ಪುಸ್ತಕ ಗೆದ್ದಂತಾಯಿತು. ಆದರೆ 1543ರಲ್ಲಿ ಅದೇ ರಾಜನ ಸಂಸತ್ತು ಮಾಡಿದ ಇನ್ನೊಂದು ಕಾಯ್ದೆ ಕುಶಲಕರ್ಮಿಗಳು, ಕೆಲಸ ಕಲಿಯುವ ಹುಡುಗರು, ಮನೆಯಾಳುಗಳು, ಬೇಸಾಯಗಾರರು, ಕೂಲಿಕಾರರು ಮತ್ತು ಸಾಮಾನ್ಯ ಮನೆತನದ ಹೆಂಗಸರು ಇಂಗ್ಲಿಷ್ ಬೈಬಲ್ ಓದಕೂಡದೆಂದಿತು. ಕುಲೀನ ಗಂಡಸು ತನ್ನ ಮನೆಯವರಿಗೆ ಓದಿ ಹೇಳಬಹುದಿತ್ತು. ಕುಲೀನ ಹೆಂಗಸು ತನ್ನಷ್ಟಕ್ಕೆ ಓದಿಕೊಳ್ಳಬಹುದಿತ್ತು, ಇನ್ನೊಬ್ಬರಿಗೆ ಓದಿ ಹೇಳುವಂತಿರಲಿಲ್ಲ. ಗ್ರಂಥ ಚರ್ಚಿನ ಮೇಜಿನ ಮೇಲೆ ರಾಜಮರ್ಯಾದೆಯಿಂದ ಇದ್ದ ಕಾಲದಲ್ಲೇ ನೇಕಾರನೊಬ್ಬ ಅದನ್ನು ತೆರೆದರೆ ತಪ್ಪಾಗುತ್ತಿತ್ತು. ವೇದ ಯಾರ ಕಿವಿಗೆ ಬೀಳಬಾರದೆಂದು ಶತಮಾನಗಳ ಕಾಲ ಕಟ್ಟುಮಾಡಿದ್ದ ಸಮಾಜದಿಂದ ಬಂದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕೇ ವರ್ಷದಲ್ಲಿ, ಹೆನ್ರಿಯ ಮಗ ಪಟ್ಟಕ್ಕೆ ಬಂದ ಮೇಲೆ ಆ ಕಾಯ್ದೆ ರದ್ದಾಯಿತು.

ಭಯವೇ ಹಿಂಸೆಗೆ ಇಳಿದ ಉದಾಹರಣೆ ಬೇಕಿದ್ದರೆ 1844ರ ಫಿಲಡೆಲ್ಫಿಯಾವನ್ನು ನೋಡಬೇಕು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪ್ರತಿದಿನ ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಐರ್ಲೆಂಡಿನಿಂದ ವಲಸೆ ಬಂದ ಕ್ಯಾಥೊಲಿಕರ ಮಕ್ಕಳು ಆ ಶಾಲೆಗಳಲ್ಲಿ ತುಂಬಿದ್ದರು. ಬಿಷಪ್ ಫ್ರಾನ್ಸಿಸ್ ಕೆನ್ರಿಕ್ ಕೇಳಿಕೊಂಡದ್ದು ಇಷ್ಟೇ: ನಮ್ಮ ಮಕ್ಕಳು ನಮ್ಮ ಸಭೆ ಒಪ್ಪಿದ ಅನುವಾದವನ್ನು ಓದಲಿ. ಈ ಕೋರಿಕೆ ಬೀದಿಗೆ ಬರುವ ಹೊತ್ತಿಗೆ ‘ಕ್ಯಾಥೊಲಿಕರು ಶಾಲೆಯಿಂದ ಬೈಬಲನ್ನೇ ಹೊರಹಾಕುತ್ತಾರೆ’ ಎಂದಾಯಿತು. ಮೇ ತಿಂಗಳಲ್ಲಿ ಕೆನ್ಸಿಂಗ್ಟನ್ ಬಡಾವಣೆಯಲ್ಲಿ ಗುಂಪುಗಳು ಬಂದೂಕು ಹಿಡಿದು ನಿಂತವು. ಸೇಂಟ್ ಮೈಕೇಲ್ ಮತ್ತು ಸೇಂಟ್ ಅಗಸ್ಟೀನ್ ಚರ್ಚುಗಳು ಸುಟ್ಟುಹೋದವು. ಅಗಸ್ಟೀನ್ ಚರ್ಚಿನ ಜೊತೆ ಅಲ್ಲಿದ್ದ ಗ್ರಂಥಾಲಯವೂ ಬೂದಿಯಾಯಿತು. ಜುಲೈನಲ್ಲಿ ಮತ್ತೊಂದು ಸುತ್ತು ಗಲಭೆ ನಡೆಯಿತು. ಎರಡೂ ಸಲ ಸೇರಿ ಕನಿಷ್ಠ 20 ಜನ ಸತ್ತರು. ಬೈಬಲನ್ನು ಉಳಿಸುತ್ತೇವೆಂದು ಹೊರಟವರ ಕೈಯಲ್ಲಿ ಬೈಬಲ್ ಓದುವವರದೇ ಆರಾಧನಾಲಯ ಉರಿಯಿತು. ಶಾಲೆಯಲ್ಲಿ ಕಡ್ಡಾಯವಾಗಿ ಬೈಬಲ್ ಓದಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1963ರಲ್ಲಿ. ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಪಾಠ ಮಾಡಲು ಅಡ್ಡಿಯಿಲ್ಲ ಎಂದು ಆ ತೀರ್ಪು ಸ್ಪಷ್ಟವಾಗಿಯೇ ಹೇಳಿತ್ತು. ಆದರೂ ‘ಕೋರ್ಟು ಶಾಲೆಯಿಂದ ಬೈಬಲನ್ನು ಓಡಿಸಿತು’ ಎಂಬ ಮಾತು ಅಲ್ಲಿ ಈಗಲೂ ಬಳಕೆಯಲ್ಲಿದೆ.

ನಿಜವಾದ ನಿರ್ಬಂಧ ಇರುವ ದೇಶಗಳಲ್ಲಿ ಅದು ಹೇಗೆ ನಡೆಯುತ್ತದೆ? ಚೀನಾದಲ್ಲಿ ಬೈಬಲ್ ನಿಷೇಧವಿಲ್ಲ. ಅಷ್ಟೇ ಅಲ್ಲ, ನಾನ್‌ಜಿಂಗ್‌ನ ಅಮಿಟಿ ಮುದ್ರಣಾಲಯ ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಬೈಬಲ್ ಅಚ್ಚು ಹಾಕಿದೆ. ಅವುಗಳಲ್ಲಿ ಬಹುಪಾಲು ಹೊರದೇಶಗಳಿಗೆ ಹೋಗಿವೆ. ಆದರೆ ದೇಶದೊಳಗೆ ಸಾಮಾನ್ಯ ಪುಸ್ತಕದಂಗಡಿಯಲ್ಲಿ ಅದು ಸಿಗುವುದಿಲ್ಲ. ಸರ್ಕಾರ ಮನ್ನಿಸಿದ ಸಭೆಗಳ ಮಳಿಗೆಗೇ ಹೋಗಿ ಕೊಳ್ಳಬೇಕು. ಈ ನಿಯಮವಿದ್ದರೂ ಆನ್‌ಲೈನ್ ಅಂಗಡಿಗಳಲ್ಲಿ ವರ್ಷಗಟ್ಟಲೆ ಮಾರಾಟ ನಡೆದಿತ್ತು. 2018ರ ವಸಂತದಲ್ಲಿ ಅದೂ ನಿಂತಿತು. ಹೊಸ ಕಾನೂನೂ ಇಲ್ಲ, ನಿಷೇಧದ ಆದೇಶವೂ ಇಲ್ಲ. ಹುಡುಕಿದರೆ ಪುಸ್ತಕ ಬರದಂತಾಯಿತು, ಅಷ್ಟೆ. ನೋಂದಾಯಿತ ಸಭೆಗೆ ಹೋಗಲು ಒಪ್ಪದೆ ಮನೆಗಳಲ್ಲಿ ಸೇರಿ ಪ್ರಾರ್ಥಿಸುವವರಿಗೆ ಬೈಬಲ್ ಬೇಕೆಂದರೆ ತಾವು ದೂರವಿಟ್ಟ ವ್ಯವಸ್ಥೆಯ ಬಾಗಿಲನ್ನೇ ತಟ್ಟಬೇಕಾಯಿತು. ಮಲೇಷ್ಯಾದಲ್ಲಿ ಇಂಗ್ಲಿಷ್ ಬೈಬಲ್ಲಿಗೆ ತಂಟೆಯಿರಲಿಲ್ಲ. ಬಹುಸಂಖ್ಯಾತ ಮುಸ್ಲಿಮರೂ ಓದಬಲ್ಲ ಮಲಯ್ ಭಾಷೆಯ ಬೈಬಲ್ಲಿಗೆ ಮಾತ್ರ ದಶಕಗಳ ಕಾಲ ತೊಡಕಿತ್ತು. 2014ರ ಜನವರಿಯಲ್ಲಿ ಸೆಲಾಂಗೊರ್ ರಾಜ್ಯದ ಇಸ್ಲಾಂ ಧರ್ಮ ಇಲಾಖೆಯವರು ಅಲ್ಲಿನ ಬೈಬಲ್ ಸೊಸೈಟಿಯ ಮೇಲೆ ದಾಳಿ ಮಾಡಿ 321 ಪ್ರತಿಗಳನ್ನು ಒಯ್ದರು. ಈ ತೊಡಕಿನಿಂದ ಹೆಚ್ಚು ಕಷ್ಟಪಟ್ಟವರು ಬೋರ್ನಿಯೊ ಭಾಗದ ಮೂಲನಿವಾಸಿ ಕ್ರೈಸ್ತರು, ಏಕೆಂದರೆ ಅವರ ಪ್ರಾರ್ಥನೆಯ ಭಾಷೆಯೇ ಮಲಯ್.

ರಷ್ಯಾದ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ‘ಗ್ರಂಥದ ಹೆಸರು ಹೇಳಿಯೇ ರಕ್ಷಣೆ ಕೊಡಿ’ ಎನ್ನುವವರಿಗೆ ಅಲ್ಲಿ ಉತ್ತರವಿದೆ. 2011ರಲ್ಲಿ ಸೈಬೀರಿಯಾದ ಟಾಮ್‌ಸ್ಕ್ ನಗರದ ಸರ್ಕಾರಿ ವಕೀಲರು ಇಸ್ಕಾನ್‌ನವರ ಭಾಷ್ಯ ಸಹಿತ ಭಗವದ್ಗೀತೆಯನ್ನು ‘ಉಗ್ರವಾದಿ ಸಾಹಿತ್ಯ’ ಎಂದು ಘೋಷಿಸಬೇಕೆಂದು ಕೋರ್ಟಿಗೆ ಹೋದರು. ನಮ್ಮ ಲೋಕಸಭೆಯಲ್ಲಿ ಗದ್ದಲವೆದ್ದಿತು. ಆಗ ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ ಸದನದಲ್ಲಿ ಆ ದೂರನ್ನು ಖಂಡಿಸಿದರು. ಆ ವರ್ಷದ ಡಿಸೆಂಬರ್ 28ರಂದು ಟಾಮ್‌ಸ್ಕ್ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು, ಮೇಲ್ಮನವಿಯೂ ನಿಲ್ಲಲಿಲ್ಲ. 2015ರಲ್ಲಿ ಸಖಾಲಿನ್ ದ್ವೀಪದ ಕೋರ್ಟೊಂದು ಕುರಾನಿನ ವಾಕ್ಯಗಳಿದ್ದ ಪುಸ್ತಕವನ್ನು ಉಗ್ರವಾದಿ ಎಂದಿತು. ಚೆಚೆನ್ಯಾದ ನಾಯಕ ರಂಜಾನ್ ಕಡಿರೋವ್ ಸಿಡಿದೆದ್ದರು. ಪುಟಿನ್ ಅವಸರದಲ್ಲಿ ತಿದ್ದುಪಡಿ ತಂದು, ಬೈಬಲ್, ಕುರಾನ್, ಯೆಹೂದ್ಯರ ತನಖ್, ಟಿಬೆಟಿನ ಬೌದ್ಧರ ಕಾಂಗ್ಯೂರ್ ಈ ನಾಲ್ಕು ಗ್ರಂಥಗಳನ್ನೂ ಅವುಗಳ ಉಲ್ಲೇಖಗಳನ್ನೂ ಉಗ್ರವಾದಿ ಎನ್ನುವಂತಿಲ್ಲವೆಂದು ನವೆಂಬರ್ 23ರಂದು ಸಹಿ ಹಾಕಿದರು. ನಾಲ್ಕು ವರ್ಷ ಹಿಂದೆಯಷ್ಟೇ ಕೋರ್ಟು ಹತ್ತಿ ಬಂದ ಗೀತೆ ಆ ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಮಾಡುವವನ ಕಣ್ಣಿಗೆ ದೊಡ್ಡದಾಗಿ ಕಂಡ ಸಮುದಾಯಗಳ ಗ್ರಂಥಗಳಷ್ಟೇ ಪಟ್ಟಿ ಸೇರುತ್ತವೆ.

ಅದಕ್ಕಿಂತ ದೊಡ್ಡ ಪಾಠ ಎರಡು ವರ್ಷದ ನಂತರ ಸಿಕ್ಕಿತು. ಯೆಹೋವನ ಸಾಕ್ಷಿಗಳು ಬಳಸುವ ‘ನೂತನ ಲೋಕ ಭಾಷಾಂತರ’ದ ರಷ್ಯನ್ ಪ್ರತಿಗಳನ್ನು ಫಿನ್‌ಲೆಂಡ್ ಗಡಿಯ ಹತ್ತಿರದ ವೈಬೋರ್ಗ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳು ತಡೆಹಿಡಿದಿದ್ದರು. 2017ರ ಏಪ್ರಿಲ್‌ನಲ್ಲಿ ರಷ್ಯಾದ ಸುಪ್ರೀಂ ಕೋರ್ಟು ಆ ಪಂಥವನ್ನೇ ಉಗ್ರವಾದಿ ಸಂಘಟನೆಯೆಂದು ನಿಷೇಧಿಸಿತು. ಆಗಸ್ಟ್ 17ರಂದು ವೈಬೋರ್ಗ್ ನಗರದ ಕೋರ್ಟು ಆ ಪುಸ್ತಕವನ್ನೂ ಉಗ್ರವಾದಿ ಎಂದು ಘೋಷಿಸಿತು. ಬೈಬಲನ್ನು ಮುಟ್ಟುವಂತಿಲ್ಲ ಎಂಬ ಕಾನೂನು ಇದ್ದಾಗ ಇದು ಹೇಗೆ ಸಾಧ್ಯವಾಯಿತು? ಇದು ಬೈಬಲ್ಲೇ ಅಲ್ಲ ಎಂದು ತಜ್ಞರು ವರದಿ ಕೊಟ್ಟರು, ಕೋರ್ಟು ಅದನ್ನು ಒಪ್ಪಿತು. ಗ್ರಂಥಕ್ಕೆ ಹೆಸರಿಟ್ಟು ರಕ್ಷಣೆ ಕೊಟ್ಟ ಮರುಕ್ಷಣವೇ ಯಾವುದು ಆ ಗ್ರಂಥ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಪ್ರಭುತ್ವದ ಕೈಗೆ ಹೋಗುತ್ತದೆ. ನ್ಯಾಯಾಧೀಶ ಧರ್ಮಶಾಸ್ತ್ರಿಯಾಗುತ್ತಾನೆ. ಸಣ್ಣ ಪಂಥದ ಅನುವಾದ, ಬಹುಸಂಖ್ಯಾತರು ಒಪ್ಪದ ಪಾಠ, ಹೊಸ ಭಾಷ್ಯ ಎಲ್ಲವೂ ಆತನ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. 2022ರ ಜೂನ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ರಷ್ಯಾದ ಈ ಕ್ರಮಗಳು ಧರ್ಮ ಸ್ವಾತಂತ್ರ್ಯದ ಉಲ್ಲಂಘನೆ ಎಂದಿತು. ಆ ವೇಳೆಗಾಗಲೇ ಎಷ್ಟೋ ಜನ ಜೈಲು ಸೇರಿದ್ದರು. ಅದೇ ಪಂಥದ ಮೂವರು ಮಕ್ಕಳು ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಹೊರಹಾಕಲ್ಪಟ್ಟಾಗ, ನಮ್ಮ ಸುಪ್ರೀಂ ಕೋರ್ಟು 1986ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಅವರ ನಂಬಿಕೆ ಸರಿಯೋ ತಪ್ಪೋ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಕೇಳಲಿಲ್ಲ. ಅದು ಪ್ರಾಮಾಣಿಕವಾಗಿ ಹಿಡಿದ ನಂಬಿಕೆಯೇ ಎಂದಷ್ಟೇ ಕೇಳಿದರು.

ಚೀನಾ, ಮಲೇಷ್ಯಾ, ರಷ್ಯಾಗಳದು ಸರ್ವಾಧಿಕಾರದ ಅಥವಾ ಅರೆಸರ್ವಾಧಿಕಾರದ ನಾಡುಗಳ ಮಾತು, ಗಟ್ಟಿ ಪ್ರಜಾಪ್ರಭುತ್ವಗಳಲ್ಲಿ ಭಯಕ್ಕೆ ಕಾರಣವೇನು ಎಂದು ಯಾರಾದರೂ ಕೇಳಬಹುದು. ಕಾರಣವಿದೆ. 1997ರಲ್ಲಿ ಕೆನಡಾದ ಸಸ್ಕಾಟೂನ್ ನಗರದ ಪತ್ರಿಕೆಯಲ್ಲಿ ಒಬ್ಬ ವ್ಯಕ್ತಿ ಒಂದು ಜಾಹೀರಾತು ಕೊಟ್ಟ. ಅದರಲ್ಲಿದ್ದದ್ದು ಬೈಬಲಿನ ನಾಲ್ಕು ವಚನಗಳ ಅಧ್ಯಾಯ-ಸಂಖ್ಯೆ, ಒಂದು ಸಮ ಚಿಹ್ನೆ, ಕೈ ಹಿಡಿದ ಇಬ್ಬರು ಗಂಡಸರ ರೇಖಾಚಿತ್ರದ ಮೇಲೆ ನಿಷೇಧ ಸೂಚಿಸುವ ಗುರುತು. ವಚನಗಳ ಪಠ್ಯ ಕೂಡ ಇರಲಿಲ್ಲ. ಮೂವರು ಸಲಿಂಗಿಗಳು ದೂರು ಕೊಟ್ಟರು. 2001ರಲ್ಲಿ ಪ್ರಾಂತದ ಮಾನವ ಹಕ್ಕು ಮಂಡಳಿ ಇದು ದ್ವೇಷ ಪ್ರಚಾರವೆಂದು ತೀರ್ಮಾನಿಸಿ ತಲಾ 1,500 ಡಾಲರ್ ಪರಿಹಾರ ವಿಧಿಸಿತು. ಮರುವರ್ಷ ಇನ್ನೊಂದು ಕೋರ್ಟು ಅದನ್ನೇ ಎತ್ತಿಹಿಡಿಯಿತು. ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿದ್ದು 2006ರಲ್ಲಿ. ಅಲ್ಲಿಗೆ ಒಂಬತ್ತು ವರ್ಷ. ಸ್ವೀಡನ್‌ನಲ್ಲಿ ಓಕೆ ಗ್ರೀನ್ ಎಂಬ ಪೆಂತೆಕೊಸ್ತ್ ಪಾಸ್ಟರ್ 2003ರಲ್ಲಿ ಬೊರ್ಗ್‌ಹೋಮ್‌ನ ತಮ್ಮ ಸಭೆಯಲ್ಲಿ ಸಲಿಂಗತ್ವವನ್ನು ಸಮಾಜದ ಕ್ಯಾನ್ಸರ್ ಎಂದು ಪ್ರಸಂಗ ಮಾಡಿದರು. ಕೆಳಗಿನ ಕೋರ್ಟು ಒಂದು ತಿಂಗಳ ಜೈಲು ವಿಧಿಸಿತು. 2005ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಶಿಕ್ಷೆ ಕೊಟ್ಟರೆ ಯುರೋಪಿನ ಮಾನವ ಹಕ್ಕು ಒಪ್ಪಂದಕ್ಕೆ ವಿರುದ್ಧವಾದೀತೆಂದು ಅವರನ್ನು ಬಿಟ್ಟಿತು. ಫಿನ್‌ಲೆಂಡಿನಲ್ಲಿ ಹಿಂದೆ ಗೃಹಸಚಿವೆಯಾಗಿದ್ದ, ವೃತ್ತಿಯಿಂದ ವೈದ್ಯೆಯಾದ ಪೈವಿ ರಸನೆನ್, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದ ಪುಟವೊಂದರ ಚಿತ್ರವನ್ನು 2019ರಲ್ಲಿ ಟ್ವೀಟ್ ಮಾಡಿ ತಮ್ಮ ಚರ್ಚನ್ನು ಪ್ರಶ್ನಿಸಿದರು. ಅದರ ಮೇಲೂ, ಅವರ ಹಳೆಯ ಕಿರುಪುಸ್ತಕದ ಮೇಲೂ, ಒಂದು ರೇಡಿಯೊ ಮಾತಿನ ಮೇಲೂ ಆರೋಪ ಬಿತ್ತು. ಬೈಬಲಿನ ಪರಿಕಲ್ಪನೆಗಳಿಗೆ ಅರ್ಥ ಹೇಳುವುದು ತನ್ನ ಕೆಲಸವಲ್ಲ ಎಂದು ಹೆಲ್ಸಿಂಕಿಯ ಕೋರ್ಟು 2022ರ ಮಾರ್ಚ್‌ನಲ್ಲಿ ಅವರನ್ನು ಬಿಡುಗಡೆ ಮಾಡಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಹೇಳಿತು. ಸರ್ಕಾರಿ ವಕೀಲರು ಅಲ್ಲಿಗೂ ಬಿಡದೆ ಸುಪ್ರೀಂ ಕೋರ್ಟಿಗೆ ಒಯ್ದರು. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ವಿಚಾರಣೆ ನಡೆಯಿತು.

ಇವರಿಗೆಲ್ಲ ಒಂದಲ್ಲ ಒಂದು ಹಂತದಲ್ಲಿ ಬಿಡುಗಡೆ ಸಿಕ್ಕಿತಲ್ಲ, ವ್ಯವಸ್ಥೆ ಸರಿಯಾಗಿಯೇ ಇದೆ ಎನ್ನುವವರನ್ನು ನಾನು ಒಪ್ಪಲಾರೆ. ಒಂದು ವಚನವನ್ನು ತೋರಿಸಿದ್ದಕ್ಕೆ ಆರು ವರ್ಷ ಕೋರ್ಟು ಅಲೆಯುವುದೇ ಶಿಕ್ಷೆ. ಮಾಜಿ ಸಚಿವೆಗೆ ವಕೀಲರ ಪಡೆಯಿರುತ್ತದೆ, ಜಗತ್ತಿನ ಗಮನವಿರುತ್ತದೆ. ಹಳ್ಳಿಯ ಪಾಸ್ಟರ್‌ಗೆ, ಶಾಲೆಯ ಮೇಷ್ಟ್ರಿಗೆ ಅದಿಲ್ಲ. ಅವರು ಮೊದಲ ನೋಟಿಸು ಬಂದ ದಿನವೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಯಾವ ಪಠ್ಯವನ್ನೂ ಮುಟ್ಟದೆ, ಯಾವ ಆದೇಶವನ್ನೂ ಹೊರಡಿಸದೆ ಒಂದು ಅಧ್ಯಾಯ ಸಾರ್ವಜನಿಕ ಮಾತಿನಿಂದ ಮರೆಯಾಗುವುದು ಹೀಗೆ.

ಆದರೆ ಈ ವಾದಕ್ಕೆ ಎದುರಾಗುವ ಅತಿ ಗಂಭೀರ ಆಕ್ಷೇಪವನ್ನು ಮರೆಮಾಚಬಾರದು. ಪವಿತ್ರ ಗ್ರಂಥಗಳ ವಾಕ್ಯ ಹಿಡಿದು ಜನರನ್ನು ಕೊಂದಿದ್ದಾರೆ. ಯೇಸುವನ್ನು ಕೊಂದವರು ಎಂಬ ಹಣೆಪಟ್ಟಿ ಹಚ್ಚಿ ಯೆಹೂದ್ಯರನ್ನು ಯುರೋಪಿನ ಊರೂರುಗಳಿಂದ ಅಟ್ಟಿದರು. ಶುಭ ಶುಕ್ರವಾರದ ಪ್ರಸಂಗ ಕೇಳಿ ಹೊರಬಂದ ಗುಂಪುಗಳು ಅವರ ಮನೆಗಳಿಗೆ ನುಗ್ಗಿವೆ. ಸಲಿಂಗಿ ಮಕ್ಕಳು ವಚನಗಳ ಏಟಿನಿಂದ ಮನೆ ಬಿಟ್ಟಿದ್ದಾರೆ, ಜೀವ ಕಳೆದುಕೊಂಡಿದ್ದಾರೆ. ಗ್ರಂಥದಲ್ಲಿದೆ ಎಂದ ಮಾತ್ರಕ್ಕೆ ಏನು ಬೇಕಾದರೂ ಹೇಳಬಹುದೇ? ಹೇಳುವಂತಿಲ್ಲ. ನಿರ್ದಿಷ್ಟ ಜನರ ಮೇಲೆ ಏರಿಹೋಗಿರೆಂದು ಕರೆಕೊಟ್ಟವನಿಗೆ ವಚನದ ಮರೆ ಸಿಗಬಾರದು. ಆದರೆ ಆ ಅಪರಾಧಕ್ಕೆ ಉದ್ದೇಶ, ಸಂದರ್ಭ, ಎದುರಿಗಿರುವ ಅಪಾಯ ಇವೇ ಅಳತೆಯಾಗಬೇಕು. ‘ಅವಮಾನ’, ‘ನೋವು’, ‘ಭಾವನೆಗೆ ಧಕ್ಕೆ’ ಎಂಬ ಸಡಿಲ ಅಳತೆಗಳನ್ನು ಇಟ್ಟರೆ ಪ್ರವಾದಿಗಳ ಪುಸ್ತಕದಿಂದ ಮೊದಲುಗೊಂಡು ಬಸವಣ್ಣನವರ ವಚನಗಳವರೆಗೆ ಯಾವ ತೀಕ್ಷ್ಣ ಮಾತೂ ಉಳಿಯಲಾರದು. ಗ್ರಂಥದ ಗಾಯಗಳನ್ನು ವಾಸಿಮಾಡುವ ಕೆಲಸವನ್ನು ಅದನ್ನು ನಂಬುವವರೇ ಮಾಡಿದ ಉದಾಹರಣೆಯಿದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಪರಿಷತ್ತು ಹೊರಡಿಸಿದ ಘೋಷಣೆ, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದು ಎಂದು ಕ್ಯಾಥೊಲಿಕ್ ಸಭೆಗೆ ಬೋಧಿಸಿತು. ಸುವಾರ್ತೆಯ ಒಂದಕ್ಷರವನ್ನೂ ಅಳಿಸದೆ ಅದನ್ನು ಓದುವ ಬಗೆಯನ್ನು ಬದಲಿಸಿತು. ಯಾವ ಪೊಲೀಸ್ ಠಾಣೆಯೂ ಇಂಥ ಬದಲಾವಣೆ ತರಲಾರದು.

ಸಡಿಲ ಕಾನೂನನ್ನು ಯಾರು ಯಾರ ಮೇಲೆ ಬಳಸುತ್ತಾರೆ ಎಂದು ಮೊದಲೇ ಹೇಳಲಾಗದು. ಈಚೆಗೆ ಅಮೆರಿಕದಲ್ಲಿ ಒಂದು ಸರ್ಕಾರಿ ಮಂಡಳಿ ಶಾಲಾ ಗ್ರಂಥಾಲಯದಿಂದ ಬೈಬಲನ್ನು ನಿಜವಾಗಿಯೂ ತೆಗೆದ ಒಂದು ಘಟನೆ ನಡೆದದ್ದು ಯೂಟಾ ರಾಜ್ಯದ ಡೇವಿಸ್ ಜಿಲ್ಲೆಯಲ್ಲಿ, 2023ರಲ್ಲಿ. ಅದಕ್ಕೆ ಬಳಸಿದ್ದು ದ್ವೇಷಭಾಷಣದ ಕಾನೂನನ್ನಲ್ಲ. ಅಶ್ಲೀಲ ಪುಸ್ತಕಗಳನ್ನು ಶಾಲೆಯಿಂದ ತೆಗೆಯಲೆಂದು ಸಂಪ್ರದಾಯವಾದಿ ಶಾಸಕರೇ 2022ರಲ್ಲಿ ಮಾಡಿದ ಕಾನೂನನ್ನು. ಅದನ್ನು ಪ್ರತಿಭಟಿಸಲು ಪೋಷಕರೊಬ್ಬರು ಬೈಬಲಿನ ವಾಕ್ಯಗಳನ್ನು ಪಟ್ಟಿ ಮಾಡಿ ದೂರು ಕೊಟ್ಟರು. ಪರಿಶೀಲನಾ ಸಮಿತಿ ಪ್ರಾಥಮಿಕ, ಮಾಧ್ಯಮಿಕ ಶಾಲೆಗಳಿಂದ ಕಿಂಗ್ ಜೇಮ್ಸ್ ಬೈಬಲನ್ನು ಹಿಂದಕ್ಕೆ ಪಡೆಯಿತು. ಜನ ಸಿಟ್ಟಾದರು, ಜೂನ್ 20ರಂದು ಜಿಲ್ಲಾ ಮಂಡಳಿ ಅದನ್ನು ಮರಳಿ ಇಡಿಸಿತು.

ಭಾರತದಲ್ಲಿ ಈ ಪ್ರಶ್ನೆಯ ಒಂದು ಅರ್ಧವನ್ನು ನಮ್ಮ ನ್ಯಾಯಾಲಯಗಳು ಚೆನ್ನಾಗಿಯೇ ಬಿಡಿಸಿವೆ. 1985ರಲ್ಲಿ ಕಲ್ಕತ್ತ ಹೈಕೋರ್ಟಿಗೆ ಕುರಾನನ್ನು ಮುಟ್ಟುಗೋಲು ಹಾಕಬೇಕೆಂಬ ಅರ್ಜಿ ಬಂತು. ದಂಡ ಸಂಹಿತೆಯ 295ಎ ಕಲಮು ಮತ್ತು ಆಕ್ಷೇಪಾರ್ಹ ಪ್ರಕಟಣೆಗಳನ್ನು ವಶಪಡಿಸಿಕೊಳ್ಳಲು ಸರ್ಕಾರಕ್ಕೆ ಅಧಿಕಾರ ಕೊಡುವ ಕಲಮು ಅದರ ಆಧಾರವಾಗಿದ್ದವು. ಈಗ ಅವು ಭಾರತೀಯ ನ್ಯಾಯ ಸಂಹಿತೆಯ 299 ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೆಯ ಕಲಮುಗಳು. ಮೇ 17ರಂದು ನ್ಯಾಯಮೂರ್ತಿ ಬಿ.ಸಿ. ಬಸಾಕ್ ಅರ್ಜಿಯನ್ನು ವಜಾ ಮಾಡಿದರು. ಕುರಾನ್, ಬೈಬಲ್, ಗೀತೆಯಂಥ ಪವಿತ್ರ ಗ್ರಂಥಗಳ ಮೇಲೆ ಕೋರ್ಟು ತೀರ್ಪುಗಾರನಾಗಿ ಕೂರಲಾಗದು, ಅವುಗಳ ನಿಷೇಧ ಸಂವಿಧಾನಕ್ಕೇ ವಿರುದ್ಧ ಎಂಬುದು ಅವರ ನಿಲುವಿನ ತಿರುಳು. ಹಾಗಾಗಿ ನಮ್ಮಲ್ಲಿ ಬೈಬಲನ್ನು ಸರ್ಕಾರ ನಿಷೇಧಿಸೀತೆಂಬ ಭಯಕ್ಕೆ ಕಾನೂನಿನ ಆಧಾರವಿಲ್ಲ.

ತೊಡಕು ಇರುವುದು ಇನ್ನರ್ಧದಲ್ಲಿ, ಅಂದರೆ ಆ ಗ್ರಂಥವನ್ನು ಇನ್ನೊಬ್ಬರ ಕೈಗೆ ಕೊಡುವುದರಲ್ಲಿ. ಇದು ಹೊಸ ಆತಂಕವೇನಲ್ಲ. 1806ರ ವೆಲ್ಲೂರು ದಂಗೆಯ ನಂತರ ಮಿಷನರಿಗಳ ಅಚ್ಚಿನ ಕೆಲಸವನ್ನು ಕಂಡು ಬೆದರಿದ್ದು ಈಸ್ಟ್ ಇಂಡಿಯಾ ಕಂಪನಿಯೇ. ಸೆರಾಂಪುರದ ಮುದ್ರಣಾಲಯವನ್ನು ತನ್ನ ಕಣ್ಣಳತೆಯಲ್ಲಿಟ್ಟುಕೊಳ್ಳಲು ಅದು 1807ರಲ್ಲಿ ಪ್ರಯತ್ನಿಸಿತ್ತು. ಬೈಬಲ್ ಎಂದರೆ ಬ್ರಿಟಿಷ್ ಆಡಳಿತದ ಕೈಗೂಸು ಎನ್ನುವವರು ಇದನ್ನೂ ಗಮನಿಸಬೇಕು. ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್ 6ರಂದು ಧರ್ಮಪ್ರಚಾರದ ಹಕ್ಕಿನ ಮೇಲೆ ಬಿಸಿ ಚರ್ಚೆ ನಡೆಯಿತು. ಲೋಕನಾಥ ಮಿಶ್ರಾ ಅದನ್ನು ಕಟುವಾಗಿ ವಿರೋಧಿಸಿದರು. ಕೆ.ಎಂ. ಮುನ್ಶಿ ಕೊಟ್ಟ ಉತ್ತರ ಸರಳವಾಗಿತ್ತು: ಈ ಹಕ್ಕನ್ನು ಇಲ್ಲಿ ಬರೆಯದಿದ್ದರೂ ವಾಕ್‌ಸ್ವಾತಂತ್ರ್ಯದ ಅಡಿಯಲ್ಲಿ ಯಾರು ಬೇಕಾದರೂ ಇನ್ನೊಬ್ಬರನ್ನು ತಮ್ಮ ಧರ್ಮಕ್ಕೆ ಒಲಿಸಬಹುದು. ಪ್ರಚಾರದ ಹಕ್ಕು ಸಂವಿಧಾನದ 25ನೆಯ ವಿಧಿಯಲ್ಲಿ ಉಳಿಯಿತು. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗಿಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಒರಿಸ್ಸಾ, ಮಧ್ಯಪ್ರದೇಶಗಳಲ್ಲಿ 1960ರ ದಶಕದಲ್ಲೇ ಬಂದಿದ್ದ ಮತಾಂತರ ನಿಯಂತ್ರಣ ಕಾಯ್ದೆಗಳಿಗೆ ಆ ತೀರ್ಪಿನಿಂದ ಬಲ ಬಂತು.

ಕರ್ನಾಟಕದ 2022ರ ಕಾಯ್ದೆ ಆ ಸಾಲಿನದು. ಬಲವಂತ, ವಂಚನೆಗಳ ಜೊತೆಗೆ ‘ಆಮಿಷ’ವನ್ನೂ ಅದು ಅಪರಾಧ ಮಾಡಿತು. ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ, ದೈವದ ಅವಕೃಪೆಯ ಮಾತು ಎಲ್ಲವೂ ಆ ಒಂದು ಪದದೊಳಗೆ ಬಂದವು. ಮೂರರಿಂದ ಐದು ವರ್ಷ, ದಲಿತರೋ ಹೆಂಗಸರೋ ಅಪ್ರಾಪ್ತರೋ ಆದರೆ ಹತ್ತು ವರ್ಷದವರೆಗೆ ಜೈಲು. ದೂರು ಕೊಡಲು ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ಸಾಕು. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಡ ದಲಿತರನ್ನು, ಆದಿವಾಸಿಗಳನ್ನು ಮೋಸದಿಂದ ಕಾಪಾಡಲು ಇದು ಬೇಕೆಂದು ಸಮರ್ಥಕರು ಹೇಳುತ್ತಾರೆ. ಮೋಸ ಮಾಡಿದವನನ್ನು ಹಿಡಿಯಲು ವಂಚನೆಯ ಕಾನೂನು ಮೊದಲೇ ಇದೆ. ವಯಸ್ಸಿಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಒಂದು ಪುಸ್ತಕ ಓದಿ ತೀರ್ಮಾನ ಮಾಡಲಾರಳು, ಅವಳ ಪರವಾಗಿ ಸಂಬಂಧಿಕರೂ ಸಹೋದ್ಯೋಗಿಗಳೂ ತೀರ್ಮಾನಿಸಬೇಕು ಎಂಬ ಊಹೆಯಲ್ಲಿ 1543ರ ಇಂಗ್ಲಿಷ್ ಕಾಯ್ದೆಯ ನೆರಳಿದೆ. ಈ ಕಾನೂನನ್ನು ರದ್ದು ಮಾಡಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ನಿರ್ಧರಿಸಿತು.

ಕಾನೂನು ಬರುವ ಮೊದಲೇ ಬೀದಿಗೆ ಅದರ ಬಿಸಿ ತಟ್ಟಿತ್ತು ಎಂಬುದನ್ನೂ ಹೇಳಬೇಕು. ಮಸೂದೆ ವಿಧಾನಸಭೆಗೆ ಬಂದ 2021ರ ಡಿಸೆಂಬರ್‌ನಲ್ಲೇ ಕೋಲಾರ ಜಿಲ್ಲೆಯಲ್ಲಿ ಮನೆಮನೆಗೆ ಹಂಚುತ್ತಿದ್ದ ಕ್ರೈಸ್ತ ಪುಸ್ತಕಗಳನ್ನು ಕೆಲವರು ಕಿತ್ತುಕೊಂಡು ಬೆಂಕಿಗೆ ಹಾಕಿದರು. ಸರ್ಕಾರ ನಿಷೇಧಿಸದ ಪುಸ್ತಕವನ್ನು ಗುಂಪು ನಿಷೇಧಿಸಿತು. ಹಂಚುವವನೇ ಶಂಕಿತ ಎಂಬ ಭಾವ ಗಾಳಿಯಲ್ಲಿರುವಾಗ ಸುಟ್ಟವನಿಗೆ ಧೈರ್ಯ ಬರುತ್ತದೆ.

ಓದುಗನ ಸ್ವಾತಂತ್ರ್ಯ ಎಂದ ಮೇಲೆ ಅದರ ಇನ್ನೊಂದು ಮಗ್ಗುಲನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆ, ಮಕ್ಕಳು ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲವೆಂದು ಪ್ರವೇಶದ ಅರ್ಜಿಯಲ್ಲೇ ಪೋಷಕರಿಂದ ಸಹಿ ಪಡೆದದ್ದು ವಿವಾದವಾಯಿತು. ಅಲ್ಪಸಂಖ್ಯಾತ ಸಂಸ್ಥೆ ತನ್ನ ಧರ್ಮವನ್ನು ಕಲಿಸಬಹುದು, ಅದಕ್ಕೆ 30ನೆಯ ವಿಧಿಯ ಬಲವಿದೆ. ಆದರೆ ಸರ್ಕಾರದ ಮಾನ್ಯತೆಯಿರುವ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಲು ಪೋಷಕರ ಒಪ್ಪಿಗೆ ಬೇಕೆಂದು 28ನೆಯ ವಿಧಿ ಹೇಳುತ್ತದೆ. ಸೀಟು ಬೇಕಿದ್ದರೆ ಸಹಿ ಹಾಕಿ ಎಂದರೆ ಅದು ಮನಸಾರೆ ಕೊಟ್ಟ ಒಪ್ಪಿಗೆಯೇ? ನನಗೆ ಹಾಗನ್ನಿಸುವುದಿಲ್ಲ. ಫಿಲಡೆಲ್ಫಿಯಾದ ಕ್ಯಾಥೊಲಿಕ್ ಮಗುವಿಗಿದ್ದ ಹಕ್ಕು ಬೆಂಗಳೂರಿನ ಹಿಂದೂ, ಮುಸ್ಲಿಂ ಮಗುವಿಗೂ ಇದೆ. ಮನೆಬಾಗಿಲಲ್ಲಿ ಪುಸ್ತಕ ಕೊಡುವವನ ಹಕ್ಕನ್ನು ಎತ್ತಿಹಿಡಿಯುವವರು ‘ಬೇಡ’ ಎಂದು ಬಾಗಿಲು ಹಾಕಿಕೊಳ್ಳುವವಳ ಹಕ್ಕನ್ನೂ ಎತ್ತಿಹಿಡಿದರೆ ಮಾತ್ರ ಅವರ ವಾದಕ್ಕೆ ತೂಕ ಬರುತ್ತದೆ.

ನ್ಯಾಯಾಲಯಗಳು ಈ ದಾರಿಯಲ್ಲಿ ಒಂದಿಷ್ಟು ಮುಂದೆ ಹೋಗಿವೆ. ಒಳ್ಳೆಯ ಬೋಧನೆ ಮಾಡುವುದು, ಬೈಬಲ್ ಹಂಚುವುದು, ಮಕ್ಕಳು ಓದಲೆಂದು ಹುರಿದುಂಬಿಸುವುದು, ಊರವರಿಗೆ ಊಟ ಹಾಕುವುದು ಆಮಿಷವಾಗದು ಎಂದು ಅಲಹಾಬಾದ್ ಹೈಕೋರ್ಟು 2023ರ ಸೆಪ್ಟೆಂಬರ್‌ನಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಹೇಳಿತು. ಅದೇ ಉತ್ತರಪ್ರದೇಶದ ಮತಾಂತರ ಪ್ರಕರಣಗಳ ಸಾಲೊಂದನ್ನು ಸುಪ್ರೀಂ ಕೋರ್ಟು 2025ರ ಅಕ್ಟೋಬರ್ 17ರಂದು ರದ್ದು ಮಾಡಿತು. ಅಂದಿನ ಕಾಯ್ದೆಯ ಪ್ರಕಾರ ದೂರು ಕೊಡಬಹುದಾಗಿದ್ದದ್ದು ಬಾಧಿತರು ಮತ್ತು ಅವರ ಬಂಧುಗಳು ಮಾತ್ರ. ಇಲ್ಲಿ ದೂರು ಕೊಟ್ಟವರು ಹೊರಗಿನವರಾಗಿದ್ದರು. ಆದರೆ ಆ ರಾಜ್ಯ 2024ರಲ್ಲೇ ಕಾಯ್ದೆಗೆ ತಿದ್ದುಪಡಿ ತಂದು ಯಾರು ಬೇಕಾದರೂ ದೂರು ಕೊಡಬಹುದೆಂದು ಮಾಡಿಯಾಗಿದೆ. ಹಲವು ರಾಜ್ಯಗಳ ಇಂಥ ಕಾಯ್ದೆಗಳನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ. ಅಲ್ಲಿ ಕೇಳಬೇಕಾದದ್ದು ಬೈಬಲ್ಲಿಗೆ ವಿನಾಯಿತಿಯನ್ನಲ್ಲ. ಯಾವ ಧರ್ಮದ, ಯಾವ ಅನುವಾದದ ಪುಸ್ತಕವೇ ಆಗಲಿ, ವಯಸ್ಕರೊಬ್ಬರು ಇನ್ನೊಬ್ಬ ವಯಸ್ಕರಿಗೆ ಕೊಟ್ಟದ್ದು, ಅವರು ತೆಗೆದುಕೊಂಡದ್ದು ಅಥವಾ ಹಿಂದಕ್ಕೆ ಕೊಟ್ಟದ್ದು ಪೊಲೀಸರ ವಿಷಯವಾಗಬಾರದು, ‘ಆಮಿಷ’ದ ವ್ಯಾಖ್ಯೆಯಿಂದ ಉಚಿತ ಶಿಕ್ಷಣ, ಉತ್ತಮ ಜೀವನ, ದೈವದ ಅವಕೃಪೆಯಂಥ ಮಾತುಗಳನ್ನು ತೆಗೆಯಬೇಕು, ಅನ್ಯಾಯವಾಯಿತೆಂದು ದೂರು ಕೊಡುವ ಹಕ್ಕು ಯಾರ ನಂಬಿಕೆಯ ಪ್ರಶ್ನೆಯೋ ಅವರಿಗೆ ಮಾತ್ರ ಇರಬೇಕು.